ಕಿಟಕಿ ತೆಗೀರಿ ಅಂತ ಹೇಳಿದ್ನಾ?

"ಮುಟ್ಬೇಡಿ!"

ಬಟ್ಟೆ ಸುತ್ತಿದ ಅವಳ ಕೈ ರೇಡಿಯೇಟರಿನ ಮುಚ್ಚಳಕ್ಕೆ ಇನ್ನೂ ಒಂದು ಗೇಣು ದೂರವಿತ್ತು. ಅಷ್ಟರಲ್ಲಿ ಯಾರೋ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು.

"ಏಯ್! ಯಾರ್ರೀ ನೀವು? ಕೈ ಬಿಡಿ!"

"ಬಿಡ್ತೀನಿ. ಮೊದ್ಲು ನೀವು ಆ ಮುಚ್ಚಳದ ಆಸೆ ಬಿಡಿ. ಈಗ ತೆಗೆದ್ರೆ ಕುದಿಯೋ ನೀರು ಸೀದಾ ಮುಖಕ್ಕೆ ಹಾರುತ್ತೆ. ಆಮೇಲೆ ಕನ್ನಡೀಲಿ ನಿಮ್ಮನ್ನ ನೀವೇ ಗುರುತು ಹಿಡಿಯಲ್ಲ!"

ನಡು ಮಧ್ಯಾಹ್ನ. ನಾಲ್ಕು ರಸ್ತೆ ಸೇರುವ ಸಿಗ್ನಲ್. ಮುಂದೆ ಲಾರಿ, ಹಿಂದೆ ಬಸ್ಸು, ಅಕ್ಕಪಕ್ಕ ಜಾಗವೇ ಇಲ್ಲ. ನಡುವೆ ಬಾನೆಟ್ ತೆರೆದು ಬುಸುಗುಡುತ್ತಿದ್ದ ಅವಳ ಹಳೆಯ ಹಸಿರು ಕಾರು. ಹಾರ್ನ್ ಹೊಡೆಯುವವರೆಲ್ಲ ಹೊಡೆಯುತ್ತಿದ್ದರು, ಇಳಿದು ಬಂದವನು ಇವನೊಬ್ಬನೇ. ಅವನ ಬೈಕಿನ ಎರಡೂ ಬದಿಗೆ ನೀರಿನ ಕ್ಯಾನುಗಳು ತೂಗುತ್ತಿದ್ದವು.

ಅವನು ಈಗಷ್ಟೇ ಕಾರನ್ನು ಸರಿಯಾಗಿ ನೋಡಿದ. ನೋಡಿದವನ ಮುಖದಲ್ಲಿದ್ದ ನಗು ಹಾಗೇ ಇಂಗಿಹೋಯಿತು.

"ಈ ಗಾಡಿ... ನಿಮ್ಮದಾ?"

"ನಮ್ಮಪ್ಪಂದು."

"ಅಪ್ಪ..."

"ಇಲ್ಲ. ಹೋಗಿ ವರ್ಷ ಆಗ್ತಾ ಬಂತು."

ಸತ್ತರು ಎಂದರೆ ಯಾರೇ ಆಗಲಿ 'ಏನಾಗಿತ್ತು' ಎಂದು ಕೇಳುತ್ತಾರಲ್ಲವೇ? ಇವನು ಕೇಳಲಿಲ್ಲ. ಅದು ಅವಳ ಗಮನಕ್ಕೆ ಬರಲೂ ಇಲ್ಲ. ಅವನು ತುಟಿ ಒದ್ದೆ ಮಾಡಿಕೊಂಡು, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಕೇಳಿದ.

"ಹೀಟರ್ ಹಾಕಿದ್ರಾ?"

ಅವಳ ಮೈ ಉರಿದುಹೋಯಿತು. "ಸತ್ರೂ ಹಾಕಲ್ಲ! ಆ ಮಾತು ನನ್ನ ಮುಂದೆ ಎತ್ಬೇಡಿ!"

ಅವನು ತಲೆ ತಗ್ಗಿಸಿದ. ಹಿಂದೆ ಹೋಗಿ ಕಾರಿಗೆ ಹೆಗಲು ಕೊಟ್ಟ. ಸ್ಟೇರಿಂಗ್ ಹಿಡಿಯಲು ಅವಳು ಒಳಗೆ ಕುಳಿತಳು.

ಹೀಟರಿನ ಹಿಡಿ ಮೇಲೆ ಹೋಗಿತ್ತು!

ಡ್ಯಾಶ್‌ಬೋರ್ಡಿನಲ್ಲಿ ಉದ್ದನೆಯ ಒಂದು ಸೀಳು. ಕೆಳಗೆ ನೀಲಿ ಚುಕ್ಕೆ ಎಂದರೆ ಹೀಟರ್ ಬಂದ್. ಮೇಲೆ ಕೆಂಪು ಚುಕ್ಕೆ ಎಂದರೆ ಪೂರ್ತಿ ಬಿಸಿ. ಬೆಳಿಗ್ಗೆ ಅವಳೇ ನೀಲಿಗೆ ಒತ್ತಿ ಬಂದಿದ್ದಳು. ಈಗ ಅದು ಕೆಂಪು ಚುಕ್ಕೆಯ ಮೇಲೆ ಕುಳಿತಿತ್ತು.

'ನಾನು ಮುಟ್ಟಿಲ್ಲ... ದೇವರಾಣೆ ನಾನು ಮುಟ್ಟಿಲ್ಲ...'

ಅಷ್ಟು ಬಿಸಿಲಿನಲ್ಲೂ ಅವಳ ಕತ್ತಿನ ಹಿಂದೆ ತಣ್ಣಗೆ ಏನೋ ಹರಿದಂತಾಯಿತು.

*

ಈ ಹುಡುಗಿಗೆ ಆ ಹೀಟರ್ ಎಂದರೆ ಯಾಕಷ್ಟು ಸಿಟ್ಟು ಎಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಅವಳನ್ನು ಜಗಳಗಂಟಿ ಎಂದುಕೊಳ್ಳುತ್ತೀರಿ.

ಅವಳಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವರು. ಅದರಲ್ಲೂ ಗಾಜಿನ ಮೇಲೆ ಬರೆಯುವುದರಲ್ಲಿ ಎತ್ತಿದ ಕೈ. ಮಳೆ ಬಿಸಿಲಿಗೆ ಬಣ್ಣ ಹೋಗದಿರಲೆಂದು ಗಾಜಿನ ಒಳಮೈಗೆ ಬರೆಯುತ್ತಿದ್ದರು. ಹೊರಗಿನವರಿಗೆ ನೆಟ್ಟಗೆ ಕಾಣಬೇಕೆಂದರೆ ಒಳಗಿನಿಂದ ತಿರುಗುಮುರುಗಾಗಿ ಬರೆಯಬೇಕು. ಅಪ್ಪ ಹಾಗೆ ಬಲಗಡೆಯಿಂದ ಎಡಗಡೆಗೆ, ಪಕ್ಕದವರ ಜೊತೆ ಹರಟುತ್ತಲೇ ಸರಸರನೆ ಬರೆದುಬಿಡುತ್ತಿದ್ದರು. ಕೊನೆಗೆ ಅಕ್ಷರಗಳ ಕೆಳಗೊಂದು ಅಲೆಗೆರೆ. ಅದು ಅವರ ರುಜು ಇದ್ದ ಹಾಗೆ.

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಅವರು ಮನೆಗೆ ಬಂದು ನಕ್ಕಿದ್ದರು. "ಕೇಳಿದ್ಯೇನೇ? ಟ್ರಾಫಿಕ್ಕಲ್ಲಿ ಇಂಜಿನ್ ಬಿಸಿ ತೋರಿಸೋ ಮುಳ್ಳು ಮೇಲೆ ಹೋದ್ರೆ ಹೀಟರ್ ಪೂರ್ತಿ ಹಾಕ್ಬೇಕಂತೆ! ಇಂಜಿನ್ ಬಿಸಿ ಎಲ್ಲ ನಮ್ಮ ಮೈಮೇಲೆ ಬಂದು ಇಂಜಿನ್ ತಣ್ಣಗಾಗುತ್ತಂತೆ. ರೇಡಿಯೇಟರ್ ಮೇಸ್ತ್ರಿ ಹೇಳ್ದ."

ಎರಡು ದಿನ ಕಳೆದು, ಇದೇ ಸಿಗ್ನಲ್ಲಿನಲ್ಲಿ, ನಡು ಮಧ್ಯಾಹ್ನ ನಲವತ್ತು ನಿಮಿಷ ವಾಹನ ಜಾಮ್ ಆಯಿತು. ಅದು ಬಿಟ್ಟಾಗ ಹಸಿರು ಕಾರು ಮಾತ್ರ ಮುಂದೆ ಹೋಗಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ನಾಲ್ಕೂ ಕಿಟಕಿ ಮುಚ್ಚಿದ್ದವು, ಹೀಟರ್ ಪೂರ್ತಿ ಉರಿಯುತ್ತಿತ್ತು. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅಪ್ಪ ಹೋಗಿಬಿಟ್ಟಿದ್ದರು.

ಡಾಕ್ಟರು ಹೃದಯ ನಿಂತಿದೆ ಎಂದರು. ಅಮ್ಮ ಒಪ್ಪಲಿಲ್ಲ.

"ಉರಿ ಬಿಸಿಲಲ್ಲಿ ಹೀಟರ್ ಹಾಕಿ ಕೂರಿಸಿದ್ರೆ ಯಾರ ಹೃದಯ ನಿಲ್ಲಲ್ಲ? ನನ್ನ ಗಂಡನ್ನ ಬೇಯಿಸಿ ಕೊಂದ ಆ ಮೇಸ್ತ್ರಿ! ಅವನು ಯಾರೇ ಆಗ್ಲಿ, ನನ್ನ ಹೊಸ್ತಿಲು ತುಳಿಯೋಕೆ ಬಿಡಲ್ಲ."

ಅದೇ ಸಂಜೆ ಸೋದರಮಾವ ಕಾರನ್ನು ಓಡಿಸಿಕೊಂಡು ಬಂದು ಶೆಡ್ಡಿನಲ್ಲಿ ನಿಲ್ಲಿಸಿದರು. ಬೀಗ ಬಿತ್ತು. ಹನ್ನೊಂದು ತಿಂಗಳು ಯಾರೂ ಅದರ ಬಾಗಿಲು ತೆಗೆಯಲಿಲ್ಲ.

ಅವಳಿಗೆ ಮಾತ್ರ ಒಂದೇ ಪ್ರಶ್ನೆ ನಿದ್ದೆಗೆಡಿಸುತ್ತಿತ್ತು. ಆ ಕೊನೆಯ ನಿಮಿಷಗಳಲ್ಲಿ ಅಪ್ಪ ಒಳಗೆ ಬೆಂದುಹೋದರಾ? ನೋವಿನಲ್ಲಿ ಒದ್ದಾಡಿದರಾ? ಅದಕ್ಕೇ ಹಟ ಹಿಡಿದು ಕಾರು ಹೊರಗೆ ತೆಗೆದಿದ್ದಳು. ವರ್ಷ ತುಂಬುವ ದಿನ ಕಾರು ಗುಜರಿಗೆ ಹೋಗಬೇಕು ಎಂದು ಅಮ್ಮ ಗಡುವು ಕೊಟ್ಟಿದ್ದರು. ಉಳಿದಿದ್ದು ಒಂದೇ ತಿಂಗಳು. ಅವಳು ಸೀಟು ಒರೆಸಿದಳು, ನೆಲ ಗುಡಿಸಿದಳು. ಮುಂದಿನ ಗಾಜಿನ ಒಳಮೈ ಒರೆಸಲು ಮಾತ್ರ ಮನಸ್ಸು ಬರಲಿಲ್ಲ. ಅಪ್ಪನ ಉಸಿರು ತಾಗಿದ ಗಾಜು ಅದು.

*

ಅಂದು ಕಾರು ತಳ್ಳಿದವನನ್ನು ಜನ ನೀರಣ್ಣ ಎನ್ನುತ್ತಿದ್ದರು. ಬೇಸಿಗೆ ಬಂದರೆ ಸಾಕು, ಮಧ್ಯಾಹ್ನವೆಲ್ಲ ಕ್ಯಾನು ಕಟ್ಟಿಕೊಂಡು ಆ ಸಿಗ್ನಲ್ಲಿನಲ್ಲೇ ನಿಂತಿರುತ್ತಿದ್ದ. ಕುದಿಯುವ ಗಾಡಿ ಕಂಡರೆ ಓಡುತ್ತಿದ್ದ. ಕೆಲವರು ಪುಣ್ಯವಂತ ಎಂದರು, ಕೆಲವರು ತಲೆ ಕೆಟ್ಟಿದೆ ಎಂದರು.

ಅವನ ಶೆಡ್ಡಿನ ಗೋಡೆ ತುಂಬ ರೇಡಿಯೇಟರುಗಳು ತೂಗುತ್ತಿದ್ದವು. ಮೂಲೆಯಲ್ಲಿ ಸೋರಿಕೆ ನೋಡುವ ನೀರಿನ ತೊಟ್ಟಿ, ಬೆಸುಗೆಯ ಕಮಟು ವಾಸನೆ. ಹಸಿರು ಕಾರಿನ ರೇಡಿಯೇಟರ್ ಬಿಚ್ಚಿ ಒಳಗಿನ ಸುಣ್ಣದಂಥ ಗಸಿಯನ್ನು ಕೆರೆದು ತೋರಿಸಿದ.

"ನೋಡಿ ಮೇಡಂ. ನೀರು ಹರಿಯೋ ದಾರೀನೇ ಕಟ್ಟಿಹೋಗಿತ್ತು. ಇನ್ನೊಂದು ವಿಷ್ಯ. ಈ ಹಳೇ ಗಾಡೀಲಿ ಫ್ಯಾನಿಗೆ ಸ್ವಂತ ಬುದ್ಧಿ ಇಲ್ಲ. ಇಂಜಿನ್ ಜೋರಾಗಿ ತಿರುಗಿದ್ರೆ ಅದೂ ಜೋರು, ಇಂಜಿನ್ ನಿಧಾನ ಆದ್ರೆ ಅದೂ ತೂಕಡಿಸುತ್ತೆ. ಸಿಗ್ನಲ್ಲಲ್ಲಿ ನಿಂತಾಗಲೇ ಗಾಳಿ ಬೇಕು, ಆಗಲೇ ಅದಕ್ಕೆ ನಿದ್ದೆ!"

"ನಮ್ಮ ಮಾವನ ಹಾಗೆ. ಕೆಲಸ ಬಂದಾಗಲೇ ಆಕಳಿಕೆ."

ಅವನು ನಕ್ಕುಬಿಟ್ಟ. ಆ ನಗು ಅವಳಿಗೆ ಹಿಡಿಸಿತು... ಸುಳ್ಳು ಯಾಕೆ, ತುಂಬಾನೇ ಹಿಡಿಸಿತು.

"ಅದಕ್ಕೇ ನಿಂತಾಗ ನ್ಯೂಟ್ರಲ್ ಮಾಡಿ ಸ್ವಲ್ಪ ರೇಸ್ ಕೊಡಿ. ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಬೇಡಿ, ಅದರ ಬಿಸಿಗಾಳಿ ನಿಮ್ಮ ರೇಡಿಯೇಟರಿಗೇ ಬಡಿಯುತ್ತೆ. ಫ್ಯಾನಿನ ಸುತ್ತ ತಗಡಿನ ಬಳೆ ಇರ್ಬೇಕಿತ್ತು, ಯಾರೋ ಬಿಚ್ಚಿ ಬಿಸಾಕಿದಾರೆ. ನಾನೇ ಬಡಿದು ಕೊಡ್ತೀನಿ."

"ಆಮೇಲೂ ಮುಳ್ಳು ಮೇಲೆ ಹೋದ್ರೆ?"

ಅವನ ಕೈ ನಿಂತಿತು. "ಬದಿಗೆ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಅಷ್ಟೇ."

"ಬೇರೆ ಉಪಾಯ ಏನೂ ಇಲ್ವಾ?"

"ಅಷ್ಟೇ ಅಂದೆನಲ್ಲ ಮೇಡಂ!" ಎಂದವನು ತಕ್ಷಣ ದನಿ ತಗ್ಗಿಸಿದ. "ಕ್ಷಮಿಸಿ."

ಬೆಸುಗೆ ಹಾಕುವಾಗ ಅವನು ಕಣ್ಣು ಕಿರಿದು ಮಾಡಿ, ಮೂಗು ತಾಗುವಷ್ಟು ಹತ್ತಿರ ಬಗ್ಗುವುದನ್ನು ಅವಳು ನೋಡಿದಳು. ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಸುಮ್ಮನಿರುತ್ತಾಳೆಯೇ? ಮರುದಿನವೇ ಅಂಗಡಿಗೆ ಕರೆಸಿ ಕುರ್ಚಿಯಲ್ಲಿ ಕೂರಿಸಿದಳು.

"ಓದಿ."

"ಮೇಲಿನೆರಡು ಸಾಲು ಅಕ್ಷರ. ಮೂರನೇದರಿಂದ ಕೆಳಗೆ ಇರುವೆ ಸಾಲು."

"ಆ ಇರುವೆಗಳನ್ನೇ ಓದಿ!"

"ಇರುವೆಗೆ ಓದು ಬರುತ್ತೆ, ನನಗೆ ಬರಲ್ಲ ಮೇಡಂ."

ಅವಳು ನಗು ತಡೆದುಕೊಂಡು ಲೆನ್ಸು ತೆಗೆದು ಒರೆಸಿದಳು. ಆಮೇಲೆ 'ಹಾ...' ಎಂದು ಅದರ ಮೇಲೆ ಉಸಿರು ಬಿಟ್ಟಳು. ಸ್ವಚ್ಛವಾಗಿ ಕಾಣುತ್ತಿದ್ದ ಗಾಜಿನಲ್ಲಿ ಬೆರಳಚ್ಚೊಂದು ಬೆಳ್ಳಗೆ ಎದ್ದು ಬಂತು.

"ಅರೆ! ಈಗಷ್ಟೇ ಒರೆಸಿದ್ರಲ್ಲ?"

"ಬೆರಳಿನ ಜಿಡ್ಡು ಅಷ್ಟು ಸುಲಭಕ್ಕೆ ಹೋಗಲ್ಲ. ಕಣ್ಣಿಗೆ ಕಾಣಲ್ಲ, ಆದ್ರೆ ಆವಿ ತಾಗಿದಾಗ ಎದ್ದು ಬರುತ್ತೆ. ವರ್ಷ ಬಿಟ್ಟು ನೋಡಿದ್ರೂ ಅಲ್ಲೇ ಇರುತ್ತೆ."

ಕನ್ನಡಕ ಅವನ ಮುಖಕ್ಕೆ ಏರಿತು. ಅವನು ಗೋಡೆಯ ಅಕ್ಷರಗಳ ಕಡೆ ನೋಡಲೇ ಇಲ್ಲ. ಅವಳನ್ನೇ ನೋಡಿದ.

"ನಿಮ್ಮ ಹುಬ್ಬಿನ ಪಕ್ಕ ಸಣ್ಣ ಮಚ್ಚೆ ಇದೆ," ಎಂದ. "ಇಷ್ಟು ದಿನ ಗೊತ್ತೇ ಇರ್ಲಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. 'ಅಯ್ಯೋ, ನನ್ನ ಮುಳ್ಳೂ ಮೇಲೆ ಹೋಗ್ತಿದೆಯಲ್ಲಪ್ಪಾ!'

*

ಆದರೆ ಕಾರು ಮಾತ್ರ ಸರಿಹೋಗಲಿಲ್ಲ.

ಬೇರೆ ಎಲ್ಲ ರಸ್ತೆಯಲ್ಲೂ ಮುಳ್ಳು ನಡುವೆಯೇ ಇರುತ್ತಿತ್ತು. ಎಷ್ಟೇ ಜಾಮ್ ಇರಲಿ, ಎಂಥ ಬಿಸಿಲಿರಲಿ. ಆ ಸಿಗ್ನಲ್ಲಿಗೆ ಬಂದು ನಿಂತರೆ ಸಾಕು, ಮುಳ್ಳು ಏರತೊಡಗುತ್ತಿತ್ತು. ಅದರ ಜೊತೆಗೇ ಹೀಟರಿನ ಹಿಡಿಯೂ... ಯಾರೋ ಬೆರಳಲ್ಲಿ ಮೆಲ್ಲಗೆ ನೂಕುತ್ತಿರುವಂತೆ... ನೀಲಿಯಿಂದ ಕೆಂಪಿಗೆ. ಅವಳು ಕೆಳಗೆ ಒತ್ತುವಳು. ಅದು ಮತ್ತೆ ಏರುವುದು.

ನೀರಣ್ಣನಿಗೆ ಹೇಳಿದಳು. ಅವನು ಬಾಗಿಲ ಹೊರಗೇ ನಿಂತು, ಕೈಯಷ್ಟೇ ಒಳಗೆ ಚಾಚಿ ಹಿಡಿಯನ್ನು ಅಲ್ಲಾಡಿಸಿ ನೋಡಿದ.

"ಕೇಬಲ್ ಸಡಿಲ ಆಗಿದೆ," ಎಂದ.

"ಹಾಗಾದ್ರೆ ಅಷ್ಟೇನಾ?"

ಅವನು ಹಣೆಯ ಬೆವರು ಒರೆಸಿಕೊಂಡ. "ಸಡಿಲ ಆದ್ರೆ ಕೆಳಗೆ ಜಾರ್ಬೇಕು ಮೇಡಂ. ಇದು ಮೇಲೆ ಹೋಗ್ತಿದೆ."

ತಂತಿಯಿಂದ ಮೂರು ಸುತ್ತು ಬಿಗಿದು ಹಿಡಿಯನ್ನು ನೀಲಿ ಚುಕ್ಕೆಗೆ ಕಟ್ಟಿದ. ಮರುದಿನ ಸಿಗ್ನಲ್ ದಾಟಿದ ಮೇಲೆ ನೋಡಿದರೆ ತಂತಿ ಪಕ್ಕದ ಸೀಟಿನ ಮೇಲೆ ಬಿದ್ದಿತ್ತು. ಮುರಿದಿರಲಿಲ್ಲ. ನೆಟ್ಟಗೆ ಬಿಚ್ಚಿಕೊಂಡಿತ್ತು.

"ನಾಳೆ ನೀವೂ ನನ್ನ ಜೊತೆ ಕೂತ್ಕೊಂಡು ಬನ್ನಿ. ನನಗೆ ಭಯ ಆಗ್ತಿದೆ."

"ಬೈಕಲ್ಲಿ ಹಿಂದೇನೇ ಬರ್ತೀನಿ."

"ಬೈಕ್ ಬೇಡ. ಪಕ್ಕದಲ್ಲಿ ಕೂತ್ಕೊಳಿ."

"ಇಲ್ಲ. ಆ ಗಾಡಿ ಒಳಗೆ... ನನಗೆ ಆಗಲ್ಲ."

ಅವಳ ಮನಸ್ಸು ಮುದುಡಿತು. 'ನನ್ನ ಪಕ್ಕ ಕೂರೋಕೂ ಇಷ್ಟ ಇಲ್ವಾ? ಹಾಗಾದ್ರೆ ಆ ಮಚ್ಚೆ ಮಾತು ಯಾಕೆ ಆಡಿದ್ದು?'

ಇದನ್ನೇ ಕೇಳಿಬಿಡೋಣವೆಂದು ಒಂದು ಮಧ್ಯಾಹ್ನ ಶೆಡ್ಡಿಗೆ ಹೋದಳು. ಅವನಿರಲಿಲ್ಲ. ಒಳಗಿನ ಪುಟ್ಟ ಕೋಣೆಯಲ್ಲಿ ಕಾಯುತ್ತ ಕುಳಿತಳು. ಗಾಜಿನ ಬಾಗಿಲಿಗೆ ಬಿಸಿಲು ಬಡಿದು ಅದರ ನೆರಳು ನೆಲಕ್ಕೆ ಬಿದ್ದಿತ್ತು. ಮಸಿ ಹಿಡಿದ ಗಾಜು. ಆದರೂ ನೆರಳಿನಲ್ಲಿ ಅಕ್ಷರಗಳಿದ್ದವು. ಅಕ್ಷರಗಳ ಕೆಳಗೆ...

ಅಲೆಗೆರೆ!

ಅವಳು ದಡಬಡನೆ ಎದ್ದು ಹೊರಗೆ ಓಡಿದಳು. ತೋಳಿನಿಂದಲೇ ಬಾಗಿಲಿನ ಮಸಿ ಒರೆಸಿದಳು. ಗಾಜಿನ ಒಳಗಿನಿಂದ ಬರೆದ ಅಕ್ಷರಗಳು ಹೊರಬಂದವು. 'ರೇಡಿಯೇಟರ್ ಕೆಲಸ.' ಅಪ್ಪನ 'ರ', ಅಪ್ಪನ 'ಲ', ಅಪ್ಪನ ಗೆರೆ.

ಹಿಂದೆ ಬೈಕು ನಿಂತ ಸದ್ದಾಯಿತು. ಅವಳು ತಿರುಗಲಿಲ್ಲ.

"ಹೀಟರ್ ಹಾಕಿ ಅಂತ ಅಪ್ಪನಿಗೆ ಹೇಳಿದ್ದು ಯಾರು?"

ಬೈಕಿನ ಸ್ಟ್ಯಾಂಡ್ ಹಾಕಿದ ಸದ್ದಷ್ಟೇ ಬಂತು.

"ನೀವೇನಾ?"

"ನಾನೇ," ಎಂದನು ಅವನು.

ಅವಳು ಗಕ್ಕನೆ ತಿರುಗಿದಳು. "ಮೊದಲ ದಿನವೇ ಗೊತ್ತಿತ್ತು! ಕಾರು ನೋಡ್ತಿದ್ದ ಹಾಗೇ ಗೊತ್ತಿತ್ತು! ಒಂದು ತಿಂಗಳು... ನನ್ನ ಜೊತೆ ನಕ್ಕೊಂಡು, ಮಾತಾಡ್ಕೊಂಡು..."

"ಹೇಳ್ಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ಬಾಯಿ ಬರ್ಲಿಲ್ಲ." ಅವನು ಗಾಜಿನ ಅಕ್ಷರಗಳ ಕಡೆ ನೋಡಿದ. "ಹೀಟರ್ ಉಪಾಯ ಸುಳ್ಳಲ್ಲ. ಹಳೇ ಗಾಡಿಯವರೆಲ್ಲ ಮಾಡ್ತಾರೆ. ಆದ್ರೆ ಅದನ್ನ ಹೇಳುವಾಗ ಎರಡು ಮಾತು ಒಟ್ಟಿಗೇ ಹೇಳ್ಬೇಕು. ಹೀಟರ್ ಹಾಕಿ, ಕಿಟಕಿ ಎಲ್ಲ ತೆಗೀರಿ. ಅವತ್ತು ನಿಮ್ಮಪ್ಪ ಬಾಗಿಲಿಗೆ ಅಕ್ಷರ ಬರೀತಾ ಇದ್ರು. ನಾನು ಬೆಸುಗೆ ಹಾಕ್ತಾ ಹೇಳ್ದೆ. ಹೀಟರ್ ಅಂದಿದ್ದು ಚೆನ್ನಾಗಿ ನೆನಪಿದೆ. ಕಿಟಕಿ ತೆಗೀರಿ ಅಂತ ಹೇಳಿದ್ನಾ... ಇಲ್ವಾ... ಒಂದು ವರ್ಷದಿಂದ ಯೋಚಿಸ್ತಿದ್ದೀನಿ. ನೆನಪಾಗ್ತಿಲ್ಲ!"

"ನೆನಪಾಗ್ತಿಲ್ವಂತೆ!"

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ನಾನು ಆಡದೇ ಇದ್ದ ಮಾತಿಗೆ ಒಂದು ಜೀವ ಹೋಯ್ತೇನೋ."

ಅವಳು ಕಣ್ಣೊರೆಸಿಕೊಂಡಳು. ಎಂಥ ಹಣೆಬರಹ ನೋಡಿ! ಯಾರನ್ನು ಹುಡುಕಿ ಶಪಿಸಬೇಕೆಂದಿದ್ದಳೋ ಅವನ ಮೇಲೇ ಮನಸ್ಸಿಟ್ಟಿದ್ದಳು.

"ಇನ್ಮೇಲೆ ನನ್ನ ಕಣ್ಣಿಗೆ ಬೀಳ್ಬೇಡಿ," ಎಂದು ಹೊರಟುಹೋದಳು.

*

ವರ್ಷ ತುಂಬಿದ ದಿನ.

"ಗುಜರಿಯವನಿಗೆ ಬರೋಕೆ ಹೇಳ್ತೀನಿ," ಎಂದರು ಅಮ್ಮ.

"ಬೇಡಮ್ಮ. ನಾನೇ ಓಡಿಸ್ಕೊಂಡು ಹೋಗಿ ಬಿಟ್ಟು ಬರ್ತೀನಿ."

ಗುಜರಿಗೆ ಹೋಗಲು ಎರಡು ದಾರಿಯಿತ್ತು. ಅವಳು ಆ ಸಿಗ್ನಲ್ ಇದ್ದ ದಾರಿಯನ್ನೇ ಹಿಡಿದಳು. ಅದೇ ನಡು ಮಧ್ಯಾಹ್ನ. ಮುಂದೆಲ್ಲೋ ಲಾರಿ ಕೆಟ್ಟು ನಾಲ್ಕೂ ಕಡೆಯಿಂದ ವಾಹನಗಳು ಸಿಕ್ಕಿಹಾಕಿಕೊಂಡಿದ್ದವು. ರಸ್ತೆಯ ಮೇಲಿನ ಗಾಳಿ ನೀರಿನಂತೆ ಅಲುಗುತ್ತಿತ್ತು.

ಮುಳ್ಳು ಏರಿತು. ಹಿಡಿ ಅಲುಗಿತು.

ಮೆಲ್ಲಗೆ... ಮೆಲ್ಲಗೆ... ಮೇಲಕ್ಕೆ.

ಅವಳ ಕೈ ತಾನಾಗಿಯೇ ಒತ್ತಲು ಹೋಯಿತು. ಅರ್ಧದಲ್ಲೇ ನಿಂತಿತು.

"ಏನಪ್ಪಾ?" ಎಂದು ಕೇಳಿದಳು. ಗಟ್ಟಿಯಾಗಿಯೇ ಕೇಳಿದಳು. "ಏನು ಬೇಕು ನಿಮಗೆ? ನನಗೆ ಏನೋ ಹೇಳ್ಬೇಕಾ?"

ಹಿಡಿ ಕೆಂಪು ಚುಕ್ಕೆಗೆ ಹೋಗಿ ನಿಂತಿತು.

ಅವಳು ಒಂದೊಂದಾಗಿ ನಾಲ್ಕೂ ಕಿಟಕಿ ಏರಿಸಿದಳು. ಅಪ್ಪ ಕುಳಿತಂತೆಯೇ ಕುಳಿತು ನೋಡಬೇಕಿತ್ತು ಅವಳಿಗೆ. ಹಾರ್ನುಗಳ ಸದ್ದು ದೂರವಾಯಿತು. ಕಾಲ ಬಳಿಯಿಂದ ಬಿಸಿಗಾಳಿ ನುಗ್ಗಿತು, ಅದರ ಜೊತೆ ಸಿಹಿಸಿಹಿಯಾದ ಒಂದು ವಾಸನೆ. ಹೀಟರಿನೊಳಗೆ ಎಲ್ಲೋ ನೀರು ಸೋರಿ ಆವಿಯಾಗುತ್ತಿತ್ತು. ಮುಂದಿನ ಗಾಜು ಕೆಳಗಿನಿಂದ ಮಸುಕಾಗುತ್ತ ಬಂತು. ಲಾರಿ ಮಾಯವಾಯಿತು. ರಸ್ತೆ ಮಾಯವಾಯಿತು. ಬೆವರು ಕಿತ್ತುಕೊಂಡು ಸುರಿಯುತ್ತಿದ್ದರೂ ಅವಳ ಬೆರಳುಗಳು ಯಾಕೋ ತಣ್ಣಗಾಗಿದ್ದವು.

ಆಗ ಆ ಮಸುಕಿನಲ್ಲಿ ಗೆರೆಗಳು ಮೂಡತೊಡಗಿದವು.

ಯಾರೂ ಬರೆಯುತ್ತಿರಲಿಲ್ಲ. ಆದರೂ ಒಂದು ಸುರುಳಿ ಮೂಡಿತು... ಒಂದು ಕೊಂಬು... ಇನ್ನೊಂದು ಸುರುಳಿ... ಯಾವ ಭಾಷೆಯದೂ ಅಲ್ಲದ ಅಕ್ಷರಗಳು! ಅವಳಿಗೆ ಉಸಿರು ಸಿಕ್ಕಿಕೊಂಡಿತು. ಕಿರುಚಬೇಕೆಂದರೆ ದನಿಯಿಲ್ಲ, ಬಾಗಿಲು ತೆಗೆಯಬೇಕೆಂದರೆ ಕೈಯಲ್ಲಿ ಬಲವಿಲ್ಲ.

ಧಡ್! ಧಡ್!

ಯಾರೋ ಬಾಗಿಲು ಕಿತ್ತೆಳೆದರು. ಅವನು! ಕನ್ನಡಕ ಓರೆಯಾಗಿತ್ತು, ಕೈಯಲ್ಲಿದ್ದ ಕ್ಯಾನು ರಸ್ತೆಗೆ ಬಿದ್ದು ನೀರು ಹರಿಯುತ್ತಿತ್ತು.

"ಹುಚ್ಚಾ ನಿನಗೆ? ಕಿಟಕಿ ಮುಚ್ಕೊಂಡು ಹೀಟರ್ ಹಾಕ್ತಾರಾ? ನಿನ್ನನ್ನೂ ಕಳ್ಕೋಬೇಕಾ ನಾನು!"

ಇಂಜಿನ್ ಬಂದ್ ಮಾಡಿ ಅವಳನ್ನು ಹೊರಗೆ ಎಳೆದು ನಿಲ್ಲಿಸಿದ. 

"ಗಾಜಲ್ಲಿ... ಏನೋ ಬರ್ದಿದೆ... ದೆವ್ವದ ಭಾಷೆ..."

"ದೆವ್ವ ಅಲ್ಲ. ಮುಂದಿನಿಂದ ಓದಿದೆ ನಾನು. ಬಾ ಇಲ್ಲಿ. ನೀನೇ ಓದು, ಒಣಗೋ ಮೊದ್ಲು ಓದು!"

ಕೈ ಹಿಡಿದು ಬಾನೆಟ್ಟಿನ ಮುಂದಕ್ಕೆ ಕರೆತಂದ. ಹೊರಗಿನಿಂದ ಆ ಸುರುಳಿಗಳೆಲ್ಲ ನೆಟ್ಟಗೆ ನಿಂತಿದ್ದವು. ದುಂಡಗಿನ, ಅಚ್ಚುಕಟ್ಟಾದ ಬೋರ್ಡಿನ ಅಕ್ಷರ. ಕೊನೆಗೆ ನಡುಗುವ ಒಂದು ಅಲೆಗೆರೆ.

'ಚಳಿ ಆಗ್ತಿದೆ.'

ಅವಳು ಎರಡು ಸಲ ಓದಿದಳು. ಮೂರನೇ ಸಲಕ್ಕೆ ಕಣ್ಣು ತುಂಬಿ ಅಕ್ಷರ ಕಾಣಲಿಲ್ಲ.

"ಚಳಿ..." ಎಂದಳು. "ಈ ಬಿಸಿಲಲ್ಲಿ ಅಪ್ಪನಿಗೆ ಚಳಿ ಆಗಿತ್ತಾ?"

"ಹೃದಯ ಸೋಲುವಾಗ ಕೆಲವರಿಗೆ ಮೈಯೆಲ್ಲ ತಣ್ಣಗಾಗುತ್ತಂತೆ." ಅವನು ತಡವರಿಸಿದ. "ಕಿಟಕಿ ಅವರೇ ಏರಿಸಿರ್ಬೇಕು. ಹೀಟರ್ ಹಾಕಿದ್ದು..."

"ಇಂಜಿನ್ನಿಗಲ್ಲ!" ಅವಳು ಅವನ ತೋಳು ಹಿಡಿದಳು. "ನೀರಣ್ಣ, ಒಂದು ಹೇಳಿ. ಅವತ್ತು ಇಂಜಿನ್ ಕುದ್ದಿದ್ರೆ ಆ ಗಾಡಿ ನೀರು ಹಾಕದೆ ಮನೆಗೆ ಬರ್ತಿತ್ತಾ?"

"ಸಾಧ್ಯಾನೇ ಇಲ್ಲ. ಎರಡು ರಸ್ತೆ ದಾಟ್ತಿರ್ಲಿಲ್ಲ. ಯಾಕೆ?"

"ಮಾವ ಅದೇ ಸಂಜೆ ಓಡಿಸ್ಕೊಂಡು ಬಂದ್ರು! ಬಾನೆಟ್ ಕೂಡ ತೆಗೀಲಿಲ್ಲ. ನಮ್ಮ ಕಣ್ಮುಂದೇನೇ ಇತ್ತು. ಸಂಕಟದಲ್ಲಿ ಯಾರಿಗೂ ಹೊಳೀಲಿಲ್ಲ!"

ಅವನು ನಿಂತಲ್ಲೇ ಬಾನೆಟ್ಟಿನ ಮೇಲೆ ಎರಡೂ ಕೈಯೂರಿದ. ಅದು ಸುಡುತ್ತಿತ್ತು, ಅವನಿಗೆ ಗೊತ್ತೇ ಆಗಲಿಲ್ಲ. ಒಂದು ವರ್ಷ ಕಟ್ಟಿಟ್ಟಿದ್ದ ಅಳು ನಡುರಸ್ತೆಯಲ್ಲಿ ಒಡೆಯಿತು. ಸುತ್ತ ಹಾರ್ನುಗಳು ಬೊಬ್ಬೆ ಹೊಡೆಯುತ್ತಿದ್ದವು. ಅವಳು ಅವನ ಕೈಗಳನ್ನು ಬಿಸಿ ತಗಡಿನಿಂದ ಎತ್ತಿ ತನ್ನ ಕೈಯೊಳಗೆ ಇಟ್ಟುಕೊಂಡಳು.

"ಹೊರಗಿನವರು ಓದಲಿ ಅಂತ ಬೆರಳಲ್ಲಿ ತಿರುಗಿಸಿ ಬರೆದ್ರು ಅಪ್ಪ," ಎಂದಳು. "ಅವತ್ತು ಯಾರೂ ನೋಡ್ಲಿಲ್ಲ. ಇವತ್ತು ನೀವು ನೋಡಿದ್ರಿ."

*

ಕಾರು ಗುಜರಿಗೆ ಹೋಗಲಿಲ್ಲ. ಮನೆ ಮುಂದೆ ಬಂದು ನಿಂತಿತು.

"ಇದ್ಯಾಕೆ ವಾಪಸ್ ತಂದೆ?" ಅಮ್ಮ ಗೇಟಿನವರೆಗೆ ಬಂದವರು ಬೈಕಿನ ಪಕ್ಕ ನಿಂತಿದ್ದವನನ್ನು ನೋಡಿದರು. "ಇವನ್ಯಾರು?"

"ರೇಡಿಯೇಟರ್ ಮೇಸ್ತ್ರಿ ಅಮ್ಮ."

ಅಮ್ಮನ ಮುಖ ಕೆಂಪಾಯಿತು. ಬಾಯಿ ತೆರೆಯುವ ಮೊದಲೇ ಅವಳು ಕೈ ಮುಗಿದಳು. "ಒಂದೇ ನಿಮಿಷ. ಕಾರಿನ ಮುಂದೆ ಬಂದು ನಿಂತ್ಕೋ. ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

ಅವಳು ಒಳಗೆ ಕುಳಿತಳು. ಗಾಜಿಗೆ ಮುಖ ತಂದು, ಅಂಗಡಿಯಲ್ಲಿ ಲೆನ್ಸಿಗೆ ಮಾಡುವ ಹಾಗೆ 'ಹಾ...' ಎಂದು ಉಸಿರು ಬಿಟ್ಟಳು. ಸ್ವಲ್ಪ ಸರಿದು ಇನ್ನೊಮ್ಮೆ. ಮತ್ತೊಮ್ಮೆ. ಅಪ್ಪನ ಅಕ್ಷರಗಳು ಒಂದೊಂದಾಗಿ ಅಮ್ಮನ ಎದುರು ಎದ್ದು ನಿಂತವು.

ಅಮ್ಮ ಹತ್ತಿರ ಬಂದು ಓದಿದರು. ಆಮೇಲೆ ಸೆರಗಿನಿಂದ ಗಾಜಿನ ಹೊರಗಿನ ಧೂಳನ್ನು ಮೆಲ್ಲಗೆ ಒರೆಸಿದರು, ಮಲಗಿದವರ ಹಣೆ ಒರೆಸುವ ಹಾಗೆ.

"ಚಳಿ ಅಂದ್ರೆ ಆಗ್ತಿರ್ಲಿಲ್ಲ ಇವರಿಗೆ," ಎಂದರು. "ಹೊದಿಕೆ ಎಲ್ಲ ತಾವೇ ಎಳ್ಕೊಳೋರು."

ಗೇಟಿನ ಹೊರಗೆ ಅವನು ತಲೆ ತಗ್ಗಿಸಿ ನಿಂತಿದ್ದ. ಅಮ್ಮ ಅವನ ಕಡೆ ತಿರುಗಿದರು.

"ಟ್ರಾಫಿಕ್ಕಲ್ಲಿ ಮುಳ್ಳು ಏರಿದ್ರೆ ಹಾಕಿ ಅಂತ ನೀನು ಹೇಳೋಕೆ ಮೊದ್ಲು, ಆ ಹೀಟರ್ ಇರೋದೇ ಇವರಿಗೆ ಮರೆತುಹೋಗಿತ್ತು ಕಣಪ್ಪ. ನೀನು ಹೇಳದೇ ಇದ್ದಿದ್ರೆ ಚಳೀಲೇ ಹೋಗಿರೋರು. ಬೆಚ್ಚಗೆ ಹೋದ್ರು."

"ಅಮ್ಮಾ..."

"ಬಿಸಿಲಲ್ಲಿ ಯಾಕೆ ನಿಂತಿದ್ದೀಯ? ಒಳಗೆ ಬಾ."

ಅವನು ಚಪ್ಪಲಿ ಬಿಟ್ಟ. ಹೊಸ್ತಿಲ ಮುಂದೆ ಒಂದು ಕ್ಷಣ ತಡೆದು ನಿಂತ. ಅಮ್ಮ ಕಾಯುತ್ತಿದ್ದರು. ಅವನು ದಾಟಿ ಒಳಗೆ ಹೋದ.

*

ಹೀಟರಿನ ಸೋರಿಕೆಗೆ ಬೆಸುಗೆ ಬಿತ್ತು, ಕೇಬಲ್ಲಿಗೆ ಹೊಸ ಕ್ಲಿಪ್ಪು ಬಂತು. ಗಾಜಿನ ಆ ಭಾಗವನ್ನು ಮಾತ್ರ ಯಾರೂ ಒರೆಸಲಿಲ್ಲ.

ಒಂದು ಭಾನುವಾರದ ಮಧ್ಯಾಹ್ನ ಹಸಿರು ಕಾರು ಅದೇ ಸಿಗ್ನಲ್ಲಿನಲ್ಲಿ ನಿಂತಿತ್ತು. ಈ ಸಲ ಪಕ್ಕದ ಸೀಟಿನಲ್ಲಿ ಅವನಿದ್ದ. ಮೊದಲ ಸಲ ಕುಳಿತಿದ್ದ, ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡಿದ್ದ. ಇಬ್ಬರ ಕಣ್ಣೂ ಹೀಟರಿನ ಹಿಡಿಯ ಮೇಲೇ ಇತ್ತು.

ಒಂದು ನಿಮಿಷ. ಎರಡು. ಐದು.

ಮುಳ್ಳು ನಡುವೆಯೇ ನಿಂತಿತ್ತು. ಹಿಡಿ ನೀಲಿ ಚುಕ್ಕೆ ಬಿಟ್ಟು ಕದಲಲಿಲ್ಲ.

"ಕ್ಲಿಪ್ ಹಾಕಿದ್ದಕ್ಕಾ?" ಎಂದು ಪಿಸುಗುಟ್ಟಿದಳು.

"ಇರ್ಬಹುದು." ಅವನು ಸ್ವಲ್ಪ ತಡೆದು ಜೇಬಿನಿಂದ ಏನೋ ತೆಗೆದು ತೋರಿಸಿದ. "ಬೆಳಿಗ್ಗೆ ಈ ಸೀಟಿನ ಕೆಳಗೆ ಸಿಕ್ತು. ನಾನು ಹಾಕಿದ ಕ್ಲಿಪ್ಪು. ಈಗ ಕೇಬಲ್ಲಿಗೆ ಕ್ಲಿಪ್ಪೇ ಇಲ್ಲ."

ಇಬ್ಬರೂ ಮತ್ತೆ ಹಿಡಿಯ ಕಡೆ ನೋಡಿದರು. ಅದು ಸುಮ್ಮನಿತ್ತು. ಅವಳಿಗೆ ಈಗ ಭಯವಾಗಲಿಲ್ಲ.

"ಬಿಸಿಲು ಜೋರಿದೆ," ಎಂದ ಅವನು. "ಕಿಟಕಿ ತೆಗಿ."

ಅವಳು ತಿರುಗಿ ಅವನನ್ನು ನೋಡಿದಳು. "ಏನಂದ್ರಿ?"

"ಕಿಟಕಿ ತೆಗಿ ಅಂದೆ. ಹೇಳಿದ್ದೀನಿ. ನೆನಪಿಟ್ಕೋ."

"ನಾನು ಮರೆತ್ರೆ?"

"ಮತ್ತೆ ಹೇಳ್ತೀನಿ."

"ದಿನಾ ಹೇಳ್ಬೇಕಾಗುತ್ತೆ. ನನಗೆ ಮರೆವು ಜಾಸ್ತಿ."

"ದಿನಾ ಹೇಳ್ತೀನಿ," ಎಂದು ಅವನು ಅವಳ ಹುಬ್ಬಿನ ಪಕ್ಕದ ಮಚ್ಚೆಯನ್ನು ಬೆರಳ ತುದಿಯಿಂದ ಮುಟ್ಟಿದ. "ಜೀವ ಇರೋವರೆಗೂ ಪಕ್ಕದಲ್ಲೇ ಕೂತು ಹೇಳ್ತೀನಿ. ಆಗ್ಬಹುದಾ?"

ಅವಳು ಕಿಟಕಿಯ ಹಿಡಿ ತಿರುಗಿಸಿ ಗಾಜನ್ನು ಪೂರ್ತಿ ಕೆಳಗಿಳಿಸಿದಳು.